ಬಕೆಟ್ಟಿನ ಅಡಿಯ ಗುರುತು

ಹೊಸದಾಗಿ ಮಾಡಿದ್ದನ್ನು ಹಳತು ಮಾಡುವುದಕ್ಕೆ ತಿಂಗಳುಗಟ್ಟಲೆ ಒದ್ದಾಡುವ ಮನುಷ್ಯನನ್ನು ನೀವು ಕಂಡಿಲ್ಲವಾದರೆ ಒಮ್ಮೆ ಮರಿಯನ್ನು ನೋಡಬೇಕು. ಮರಿ ಎಂದ ತಕ್ಷಣ ಚಡ್ಡಿ ಹಾಕಿದ ಹುಡುಗನನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಮನುಷ್ಯನಿಗೆ ಅರವತ್ತು ಹತ್ತಿರವಾಗಿದೆ. ತಲೆಯ ಮೇಲೆ ಉಳಿದಿರುವ ಕೂದಲು ಲೆಕ್ಕಕ್ಕೆ ಸಿಗುವಷ್ಟು. ಅದರ ಕೆಳಗೆ ಹಣೆಯ ಮೇಲೆ ಸದಾ ಏರಿಸಿಟ್ಟ ಭೂತಗನ್ನಡಿ. ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕ ತೊಟ್ಟಿಲು ತೂಗುತ್ತಾ ಕರೆದ ಹೆಸರು ಅವನಿಗೆ ಅಂಟಿಕೊಂಡುಬಿಟ್ಟಿದೆ. ಅವನ ಮೇಜಿನ ಮೇಲೆ ನಾನಾ ತರದ ಅಂಟುಗಳಿವೆ, ಯಾವುದೂ ಇಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

ಹೊಟ್ಟೆಪಾಡಿಗೆ ಮರಿ ಕಟ್ಟುಹಲ್ಲು ಮಾಡುತ್ತಾನೆ. ದಂತವೈದ್ಯರು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಎರಕ ಹೊಯ್ದು, ಉಜ್ಜಿ, ಒಸಡಿಗೆ ಬಣ್ಣ ಕೊಟ್ಟು, ಹಲ್ಲು ಕೂರಿಸಿ ವಾಪಸು ಕಳಿಸುತ್ತಾನೆ. ರಸ್ತೆಯಲ್ಲಿ ಯಾರಾದರೂ ಮನಸಾರೆ ನಕ್ಕರೆ ಇವನು ಅವರ ಮುಖ ನೋಡುವುದಿಲ್ಲ, ತನ್ನ ಕೆಲಸ ನೋಡುತ್ತಾನೆ. ಹಾಲಿನಂಥ ಬಿಳಿ ಹಲ್ಲು ಬೇಕೆನ್ನುವ ಗಿರಾಕಿಗಳನ್ನು ಕಂಡರೆ ಅವನಿಗೆ ಆಗುವುದಿಲ್ಲ. ಜೀವಮಾನವಿಡೀ ಕಾಫಿ ಕುಡಿದ ಬಾಯಲ್ಲಿ ಹಾಲಿನಂಥ ಹಲ್ಲು ಕೂತರೆ ಇಡೀ ಮುಖವೇ ಸುಳ್ಳು ಹೇಳಿದಂತೆ ಕಾಣುತ್ತದೆ ಎಂಬುದು ಅವನ ವಾದ. ಆದ್ದರಿಂದ ಯಾರಿಗೂ ಹೇಳದೆ ಅಂಚಿನಲ್ಲಿ ಒಂದಿಷ್ಟು ಹಳದಿ ಸೇರಿಸುತ್ತಾನೆ.

ಈ ಚಟ ಹಲ್ಲಿಗೇ ಮುಗಿದಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ಆದರೆ ಒಂದು ದಿನ ಗಾರ್ಡ್ ಸಾಹೇಬರು ಹಲ್ಲಿನ ಸೆಟ್ಟು ಸಡಿಲವಾಗಿದೆಯೆಂದು ಬಂದರು. ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗ ತಮ್ಮ ಮನೆಯ ಪಡಸಾಲೆಯ ತುಂಬ ಆಟಿಕೆ ರೈಲು ಹಳಿ ಹಾಸಿ, ಊಟದ ಮೇಜಿಗೂ ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂತು ಉಣ್ಣುವವರು. ಅವರು ಮರಿಯ ಕೈಚಳಕ ನೋಡಿ, "ಏನ್ರೀ ಹಲ್ಲಿನವರೇ, ನನ್ನ ಸ್ಟೇಷನ್ನಿಗೆ ಒಂದು ಎಣ್ಣೆ ಡ್ರಮ್ಮು ಮಾಡಿಕೊಡ್ತೀರಾ? ಬೆರಳಿನ ಉಗುರಿಗಿಂತ ಚಿಕ್ಕದಿರಬೇಕು" ಎಂದರು. ಮರಿ ಮಾಡಿಕೊಟ್ಟ. ಸಾಹೇಬರು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ, ಆದ್ರೆ ಇದು ಡ್ರಮ್ಮಲ್ಲ, ಡ್ರಮ್ಮಿನ ಮದುವಣಗಿತ್ತಿ. ಬಿಸಿಲು ಕಂಡಿಲ್ಲ, ಮಳೆ ಕಂಡಿಲ್ಲ, ಯಾರೂ ಒದ್ದಿಲ್ಲ" ಎಂದುಬಿಟ್ಟರು.

ಆ ಮಾತು ನೇರ ಎದೆಗೆ ನಾಟಿತು. ಅಂದಿನಿಂದ ಮರಿಗೆ ಊರೇ ಬೇರೆಯಾಗಿ ಕಂಡಿತು. ಬಸ್ಸಿನ ಮೆಟ್ಟಿಲಿನಲ್ಲಿ ಬಣ್ಣ ಮೊದಲು ಹೋಗುವುದು ಎಲ್ಲಿ, ಗೇಟಿನ ತುಕ್ಕು ನೀರಿನ ಜೊತೆ ಹೇಗೆ ಇಳಿಯುತ್ತದೆ, ಗೋಡೆಗೆ ಒರಗಿ ಕೂರುವವರ ತಲೆಯ ಎಣ್ಣೆ ಎಷ್ಟು ಎತ್ತರದಲ್ಲಿ ಗುರುತು ಬಿಡುತ್ತದೆ ಎಂದು ರಸ್ತೆಯಲ್ಲಿ ನಿಂತು ನೋಡತೊಡಗಿದ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಹುಳಿ ನೀರಿನಲ್ಲಿ ನೆನೆಹಾಕಿ, ಕಿಟಕಿಯ ಮೇಲೆ ಬಾಟಲಿಯಲ್ಲಿ ತುಕ್ಕು ಸಾಕತೊಡಗಿದ. ಉಳಿದವರು ಗಿಡ ಸಾಕುತ್ತಾರೆ, ಮೀನು ಸಾಕುತ್ತಾರೆ. ಇವನ ಬಾಟಲಿಗೆ ಮನೆಯಲ್ಲಿ ಯಾರೂ ಕೈಹಚ್ಚುವಂತಿರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ದಾರದ ಉಂಡೆಗಳು ಹಗ್ಗವಾದವು, ಗುಂಡಿಗಳು ಡಬ್ಬಿಯ ಮುಚ್ಚಳವಾದವು. ಚಹಾ ಸೋಸುವ ಜಾಲರಿ ಒಂದು ದಿನ ಕೋಳಿಗೂಡಾಗಿ ಪತ್ತೆಯಾಯಿತು. "ರೀ, ಈ ಮನೇಲಿ ನಾನೊಬ್ಬಳು ಮಾತ್ರ ಇನ್ನೂ ನನ್ನ ಅಳತೆಯಲ್ಲೇ ಇದೀನಿ. ನನ್ನನ್ನೂ ಯಾವಾಗ ಕತ್ತರಿಸ್ತೀರೋ ಹೇಳಿಬಿಡಿ" ಎನ್ನುತ್ತಿದ್ದಳು. ಆ ಭಯ ಬೇಡವಾಗಿತ್ತು. ಮರಿ ಎಲ್ಲವನ್ನೂ ಮಾಡುತ್ತಿದ್ದ, ಮನುಷ್ಯರನ್ನು ಮಾತ್ರ ಮಾಡುತ್ತಿರಲಿಲ್ಲ. ಕೇಳಿದರೆ, "ದಿನವಿಡೀ ಜನರ ಬಾಯಿ ಮಾಡ್ತೀನಿ, ಮಿಕ್ಕಿದ್ದು ಬೇರೆಯವರು ಮಾಡ್ಕೊಳ್ಳಲಿ" ಎನ್ನುತ್ತಿದ್ದ.

ಮಹಡಿಯ ಮೇಲೆ ಅಕ್ಕ ಇದ್ದಳು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿ ದುಡಿದವಳು. ಎಂತೆಂಥ ಕೊಳೆಯ ಎದುರು ಸೊಂಟ ಕಟ್ಟಿ ನಿಂತು ಗೆದ್ದವಳು. ಅವಳು ಕೆಳಗೆ ಬಂದು ಬಾಗಿಲಲ್ಲಿ ನಿಂತರೆ ಬಾಗಿಲಿನ ಹಿಡಿಕೆಯೂ ತಾನಾಗಿ ಹೊಳೆಯುತ್ತದೆ ಎಂದು ಮರಿ ತಮಾಷೆ ಮಾಡುತ್ತಿದ್ದ, ಅವಳು ಮೇಲೆ ಹೋದ ಮೇಲೆ. ಎದುರಿಗೆ ಹೇಳುವ ಧೈರ್ಯ ಅವನಿಗೆ ಹುಟ್ಟಿದಾಗಿನಿಂದಲೂ ಇರಲಿಲ್ಲ. ಒಂದೇ ಸೂರಿನಡಿ ಮೇಲೆ ಕೊಳೆ ತೆಗೆಯುವವಳು, ಕೆಳಗೆ ಕೊಳೆ ಮಾಡುವವನು.

ಇಷ್ಟು ವರ್ಷ ಗಾರ್ಡ್ ಸಾಹೇಬರ ಸ್ಟೇಷನ್ನಿಗೆ, ಅವರ ಗೆಳೆಯರ ಆಟಿಕೆ ಕಾರ್ಖಾನೆ, ಬಂದರು, ಗ್ಯಾರೇಜುಗಳಿಗೆ ಡ್ರಮ್ಮು, ಏಣಿ, ಪೆಟ್ಟಿಗೆ ಮಾಡಿಕೊಟ್ಟ ಮರಿಗೆ ಈ ಸಲ ಮೊದಲ ಬಾರಿಗೆ ತನ್ನದೇ ಒಂದು ದೃಶ್ಯ ಕಟ್ಟಬೇಕೆನ್ನಿಸಿತು. ಶಾಲೆಯ ಸಭಾಂಗಣದಲ್ಲಿ ಸಣ್ಣ ಮಾದರಿಗಳ ಪ್ರದರ್ಶನ ನಡೆಯುವುದಿತ್ತು. ಅವನು ಕಟ್ಟಲು ಹೊರಟಿದ್ದು ಅಪ್ಪನ ಸೈಕಲ್ ರಿಪೇರಿ ಅಂಗಡಿಯನ್ನು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅಂಗಡಿ ಇದ್ದ ಜಾಗದಲ್ಲಿ ರಸ್ತೆ ಅಗಲವಾಗಿತ್ತು. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಆ ಅಂಗಡಿಯನ್ನು ಒಳಗೆ ನಿಂತು ನೋಡಿದ ಜೀವಗಳು ಈ ಭೂಮಿಯ ಮೇಲೆ ಎರಡೇ, ಒಂದು ತಾನು, ಇನ್ನೊಂದು ಅಕ್ಕ. ಪ್ರದರ್ಶನಕ್ಕೆ ಬರುವ ನೂರು ಜನ ಭೇಷ್ ಎಂದರೂ ಅವನಿಗೆ ಬೇಕಾಗಿರಲಿಲ್ಲ. ಅಕ್ಕ ಒಮ್ಮೆ ಬಗ್ಗಿ ನೋಡಿ "ಹೂಂ, ಇದೇ ಕಣೋ" ಎನ್ನಬೇಕಿತ್ತು.

ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಅಂಗಡಿ ಎದ್ದಿತು. ಗಾಳಿ ಹೊಡೆಯುವ ಪಂಪು, ಪಂಕ್ಚರ್ ನೋಡುವ ನೀರಿನ ತೊಟ್ಟಿ, ಮೊಳೆಗೆ ನೇತುಹಾಕಿದ ಟೈರುಗಳು, ಸ್ಪ್ಯಾನರುಗಳು, ಹರಿದ ಸೀಟು, ಅಪ್ಪ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪೆನ್ಸಿಲ್ಲು. ಮುಚ್ಚಳದಲ್ಲಿ ಸುರಿದಿಟ್ಟ ಸೈಕಲ್ ಬಾಲ್ಸ್, ಅಂದರೆ ಚಕ್ರದೊಳಗಿನ ಉಕ್ಕಿನ ಗುಂಡುಗಳು, ಬೇಕೆಂದು ಅಡುಗೆಮನೆಯಿಂದ ಗಸಗಸೆ ಕದ್ದು ತಂದು ನೋಡಿ ತಲೆಯಾಡಿಸಿದ. "ಅಳತೆಗೆ ತಾಳೆ ನೋಡಿದ್ರೆ ಇವು ಬಾಲ್ಸ್ ಅಲ್ಲ, ನಿಂಬೆಕಾಯಿ" ಎಂದು ಕೊನೆಗೆ ಹಲ್ಲಿನ ಲೋಹ ಉಜ್ಜಿದಾಗ ಬಿದ್ದ ಪುಡಿಯನ್ನೇ ಹಾಕಿದ.

ಎಲ್ಲಕ್ಕಿಂತ ಹೆಮ್ಮೆಯದು ಬಕೆಟ್ಟು. ಹಲ್ಲಿನ ಪೇಸ್ಟಿನ ಹಳೆಯ ತಗಡಿನ ಟ್ಯೂಬನ್ನು ಬಿಡಿಸಿ, ಮೇಣದ ಅಚ್ಚಿನ ಮೇಲೆ ಬಳಸಿ, ಒಂದು ಕಡೆ ನೆಗ್ಗಿಸಿ, ತಾಮ್ರದ ಎಳೆಯಿಂದ ಹಿಡಿಕೆ ಹಾಕಿ, ಅಂಚಿಗೆ ಬಾಟಲಿಯ ತುಕ್ಕು ತಿನ್ನಿಸಿದ ಬಕೆಟ್ಟು ಅದು. ಅದನ್ನು ಇಡುವ ಮೊದಲು ಸಿಮೆಂಟು ನೆಲದ ಮೇಲೆ ಒಂದು ತುಕ್ಕಿನ ಉಂಗುರವನ್ನೂ ಬರೆದ. ಒದ್ದೆ ಬಕೆಟ್ಟನ್ನು ದಿನವೂ ಅಲ್ಲೇ ಇಟ್ಟರೆ ಬೀಳುವ ಗುರುತು. ಆಮೇಲೆ ಬಕೆಟ್ಟನ್ನು ಸರಿಯಾಗಿ ಅದರ ಮೇಲೇ ಇಟ್ಟ.

"ಅಲ್ಲಾರೀ, ಅದರ ಮೇಲೆ ಬಕೆಟ್ ಇಟ್ಟ ಮೇಲೆ ಅಡಿಯ ಗುರುತನ್ನ ಯಾರು ನೋಡ್ತಾರೆ?" ಎಂದು ಹೆಂಡತಿ ಕೇಳಿದಳು.

"ಯಾರೂ ನೋಡಲ್ಲ."

"ಮತ್ತೆ?"

"ಇದೆ ಅಂತ ನನಗೆ ಗೊತ್ತಿರುತ್ತಲ್ಲ."

ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಎಲ್ಲಿ ವಾದ ಬಿಡಬೇಕೆಂದು ಗೊತ್ತಿರುತ್ತದೆ.

ಕೊನೆಗೆ ಕೊಳೆಯ ಸರದಿ. ಮರಿ ಈ ಕೆಲಸಕ್ಕೆ ಕೂತರೆ ಹಸಿವು ನಿದ್ರೆ ಎರಡೂ ಮರೆಯುತ್ತಿದ್ದ. ನೆಲಕ್ಕೆ ಗ್ರೀಸಿನ ಕಪ್ಪು, ಮೂಲೆಗೆ ಜೇಡರ ಬಲೆ, ಹೊಸ್ತಿಲಿಗೆ ಕೆಂಪು ಧೂಳು, ಬೆಂಚಿನ ಕೆಳಗೆ ಟ್ಯೂಬಿನ ಚೂರು. ಒಂದರ ಮೇಲೊಂದು ಪದರ. ಅವನ ನೆನಪಿನ ಅಂಗಡಿ ಹಾಗೇ ಇತ್ತು. ಶಾಲೆ ಬಿಟ್ಟು ಬಂದು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಾಗ ಮೂಗಿಗೆ ಬರುತ್ತಿದ್ದ ಎಣ್ಣೆಯ ವಾಸನೆಯನ್ನೂ ಬಳಿಯಲು ಸಾಧ್ಯವಿದ್ದರೆ ಬಳಿದೇ ಬಿಡುತ್ತಿದ್ದ.

ಪ್ರದರ್ಶನಕ್ಕೆ ವಾರವಿರುವಾಗ ಅಕ್ಕನನ್ನು ಕೆಳಗೆ ಕರೆದ. ಕುರ್ಚಿ ಹಾಕಿದ, ದೀಪ ಸರಿಸಿದ, ತನ್ನ ಭೂತಗನ್ನಡಿಯನ್ನು ಅವಳ ಹಣೆಗೆ ಕಟ್ಟಿದ. ಅಕ್ಕ ಬಗ್ಗಿ ನೋಡಿದಳು. ಮೊದಲು ಅವಳ ಮುಖ ಅರಳಿತು. ಆಮೇಲೆ ಕಣ್ಣು ನೆಲಕ್ಕೆ ಇಳಿಯಿತು, ಮೂಲೆಗೆ ಹೋಯಿತು, ಹೊಸ್ತಿಲಿಗೆ ಬಂತು. ಅರಳಿದ ಮುಖ ಹಾಗೇ ಬಾಡಿತು. ಭೂತಗನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟು, "ಇದು ನಮ್ಮಪ್ಪನ ಅಂಗಡಿ ಅಲ್ಲ" ಎಂದಳು. ಮಹಡಿ ಹತ್ತಿ ಹೋದಳು.

ಮರಿ ಅಳತೆಪಟ್ಟಿ ಹಿಡಿದು ಕೂತ. ಅಳತೆ ತಪ್ಪಿರಬೇಕು, ಎಲ್ಲೋ ಬಣ್ಣ ಎಡವಟ್ಟಾಗಿರಬೇಕು ಎಂದು ತಲೆ ಕೆಡಿಸಿಕೊಂಡ. ನೇರ ಕೇಳಲು ಧೈರ್ಯವಿಲ್ಲ. ಹೆಂಡತಿಯನ್ನು ರಾಯಭಾರಕ್ಕೆ ಕಳಿಸಿದ. ಅವಳು ಒಂದು ಸಾಸರಿನಲ್ಲಿ ಪಂಪು ಇಟ್ಟುಕೊಂಡು ಮೇಲೆ ಹೋದಳು, ಕೆಳಗೆ ಬಂದಳು. ತೊಟ್ಟಿ ಇಟ್ಟುಕೊಂಡು ಹೋದಳು, ಬಂದಳು.

"ಏನಂದ್ಲು?"

"ಪಂಪು ಸರಿ ಇದೆಯಂತೆ. ತೊಟ್ಟಿ ಸರಿ ಇದೆಯಂತೆ. ಸೀಟಿನ ಹರಕು ಕೂಡ ಸರಿ ಇದೆಯಂತೆ."

"ಮತ್ತೆ ಯಾವುದು ಸರಿ ಇಲ್ವಂತೆ?"

"ನೀವಂತೆ."

ಮರಿ ಪೆಚ್ಚಾದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಸ್ಪತ್ರೆಯ ಬಟ್ಟೆ ಒಗೆಸಿದ ಕಣ್ಣು, ಎಲ್ಲಿ ಕೊಳೆ ಕಂಡರೂ ಸಹಿಸುವುದಿಲ್ಲ, ಬೊಂಬೆಯ ಕೊಳೆ ಯಾವುದು ನಿಜದ ಕೊಳೆ ಯಾವುದು ಎಂದು ಅವಳಿಗೇನು ಗೊತ್ತು. ಹೀಗೆಂದುಕೊಂಡು ಛಲಕ್ಕೆ ಬಿದ್ದವನಂತೆ ಮೂಲೆಗೆ ಇನ್ನೊಂದು ಪದರ ಧೂಳು ಉದುರಿಸಿದ. ತಪ್ಪನ್ನು ಸರಿಮಾಡಲು ಹೊರಟವನು ತಪ್ಪನ್ನೇ ಎರಡು ಪಟ್ಟು ಮಾಡಿದ. ಇಂಥ ಜಾಣರನ್ನು ದೇವರೇ ಕಾಪಾಡಬೇಕು.

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಒಂದು ಹಲ್ಲಿನ ಸೆಟ್ಟು ತಲುಪಿಸಿ ಮನೆಗೆ ಬಂದರೆ, ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಅಕ್ಕ ಅವನ ಕುರ್ಚಿಯಲ್ಲಿ ಕೂತಿದ್ದಳು. ಎಡಗೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಬೆಂಕಿಕಡ್ಡಿ. ಅಂಗಡಿಯ ಹೊಸ್ತಿಲಿನ ಬಳಿ ನೆಲ ಫಳಫಳ ಹೊಳೆಯುತ್ತಿತ್ತು. ಹೆಂಡತಿ ಬಾಗಿಲ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ನಗು ತಡೆಯಲೋ ಭಯ ತಡೆಯಲೋ ತಿಳಿಯದು.

ಮರಿಯ ಪಿತ್ತ ನೆತ್ತಿಗೇರಿತು. ಜೀವನದಲ್ಲಿ ಮೊದಲ ಸಲ ಅಕ್ಕನ ಎದುರು ದನಿ ಏರಿಸಿದ. "ಅಕ್ಕ! ಏನು ಮಾಡಿಬಿಟ್ಟೆ? ತಿಂಗಳುಗಟ್ಟಲೆ ಕೂತು ಮಾಡಿದ ಕೊಳೆ ಅದು! ನನ್ನ ಕೊಳೆಯನ್ನೆಲ್ಲ ಹಾಳು ಮಾಡಿಬಿಟ್ಟೆಯಲ್ಲ!"

ಹೇಳಿದ ಮೇಲೆ ಆ ಮಾತು ಅವನಿಗೇ ವಿಚಿತ್ರವಾಗಿ ಕೇಳಿಸಿತು. ಬಾಗಿಲ ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು. ಅಕ್ಕ ಮಾತ್ರ ನಗಲಿಲ್ಲ.

"ತಿಂಗಳುಗಟ್ಟಲೆ ಕೊಳೆ ಹಾಗೇ ಬಿದ್ದಿರೋಕೆ, ಅಲ್ಲಿ ಗುಡಿಸೋರು ಯಾರೂ ಇರಲಿಲ್ಲ ಅಂದ್ಕೊಂಡಿದೀಯ?" ಎಂದಳು. "ಒಂದು ದಿನ, ಒಂದೇ ಒಂದು ದಿನ ನಾನು ಅಂಗಡಿ ಗುಡಿಸದೆ ಶಾಲೆಗೆ ಹೋಗಿದ್ದು ಹೇಳು. ನೀನಿನ್ನೂ ಬಾಯಿ ತೆರೆದುಕೊಂಡು ಮಲಗಿರ್ತಿದ್ದೆ. ನಾನು ಕಸ ಗುಡಿಸಿ, ನೀರು ಚಿಮುಕಿಸಿ, ಅಪ್ಪ ಬಾಗಿಲು ತೆಗೆದು ಬೀಗದ ಕೈ ಜೇಬಿಗೆ ಹಾಕ್ಕೊಳ್ಳೋ ಹೊತ್ತಿಗೆ ನೆಲ ಕನ್ನಡಿ ಮಾಡಿಟ್ಟಿರ್ತಿದ್ದೆ. ನೀನು ಬರ್ತಿದ್ದುದು ಸಾಯಂಕಾಲ, ದಿನದ ಕಸ ಎಲ್ಲ ಬಿದ್ದ ಮೇಲೆ. ಕಾಲಾಡಿಸ್ತಾ ಕೂತು ಕಡಲೆಕಾಯಿ ಸಿಪ್ಪೆ ಬೇರೆ ಅಲ್ಲೇ ಹಾಕ್ತಿದ್ದೆ."

ಮರಿ ಹೆಗಲ ಚೀಲವನ್ನು ಕೆಳಗಿಟ್ಟ.

"ಪಂಪು ಮಾಡಿದೀಯ, ತೊಟ್ಟಿ ಮಾಡಿದೀಯ. ಅಪ್ಪನ ಕಿವಿಯ ಪೆನ್ಸಿಲ್ಲೂ ಮರೆತಿಲ್ಲ. ಎಲ್ಲಾ ಇದೆ. ನನ್ನ ಪೊರಕೆ ಎಲ್ಲೋ, ಮರಿ?"

ಮರಿ ಅಂಗಡಿಯನ್ನು ನೋಡಿದ. ಗೋಡೆ ನೋಡಿದ, ಬಾಗಿಲ ಹಿಂದೆ ನೋಡಿದ. ತಾನೇ ಕಟ್ಟಿದ ಅಂಗಡಿಯಲ್ಲಿ ಪೊರಕೆ ಇಲ್ಲವೆಂದು ಗೊತ್ತಿದ್ದರೂ ಹುಡುಕಿದ. ಊರಿನ ಪ್ರತಿ ಗೇಟಿನ ತುಕ್ಕು ಗೊತ್ತಿದ್ದವನಿಗೆ ಪೊರಕೆ ನೆನಪಿಗೆ ಬಂದೇ ಇರಲಿಲ್ಲ. ಕೈಯಲ್ಲಿ ಹಿಡಿದಿದ್ದರೆ ತಾನೆ ನೆನಪಿರುವುದು. ಅವನಿಗೆ ನಾಚಿಕೆಯಾಯಿತು, ಕಿವಿಯವರೆಗೂ ಕೆಂಪಾಗುವಂಥ ನಾಚಿಕೆ.

ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, "ಹೇಗಿತ್ತು ಪೊರಕೆ?" ಎಂದು ಕೇಳಿದ.

"ಪೊರಕೆ ಪೊರಕೆಯ ಹಾಗೇ ಇತ್ತು."

"ಹಾಗಂದ್ರೆ ಆಗಲ್ಲ ಅಕ್ಕ. ಯಾವ ಕಡೆ ಸವೆದಿತ್ತು?"

ಅಕ್ಕ ತಮ್ಮನನ್ನು ದುರುಗುಟ್ಟಿ ನೋಡಿದಳು. ಅಂಥ ಪ್ರಶ್ನೆಯನ್ನು ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ಬಾಯಿಗೆ ಬರಲಿಲ್ಲ, ಕೈಗೆ ಬಂತು. ಎದ್ದು ಅಡುಗೆಮನೆಯ ಪೊರಕೆ ತಂದು, ಸೊಂಟ ಬಗ್ಗಿಸಿ ಎಡಗೈಯಿಂದ ಕೋಣೆಯ ನೆಲ ಗುಡಿಸಿ ತೋರಿಸಿದಳು. ಮರಿ ಮಂಡಿಯೂರಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಕ್ಕ ಎಡಚಿ, ಪೊರಕೆಯ ಒಂದು ಮಗ್ಗುಲು ಮಾತ್ರ ನೆಲಕ್ಕೆ ತಾಗುತ್ತಿತ್ತು.

"ಇನ್ನೊಂದು ಸಲ. ನಿಧಾನಕ್ಕೆ."

"ಏನೋ ಇದು, ನನ್ನ ಕೈಲಿ ಮನೆ ಗುಡಿಸಿಸ್ಕೊಳ್ಳೋ ಉಪಾಯವಾ?"

"ಆ ಮೂಲೆಯಿಂದ ಬಾ, ಅಕ್ಕ."

ಎಪ್ಪತ್ತರ ಅಕ್ಕ ಗುಡಿಸುತ್ತ ಬಂದಳು, ಅರವತ್ತರ ತಮ್ಮ ಮಂಡಿಯ ಮೇಲೆ ಹಿಂದಕ್ಕೆ ಸರಿಯುತ್ತ ಹೋದ. ಕಟ್ಟುಹಲ್ಲು ರಿಪೇರಿಗೆಂದು ಬಂದ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಈ ನೋಟ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು.

ಪೊರಕೆಗೆ ಕೂದಲು ಬೇಕಿತ್ತು. ಹೊಲಿಗೆ ದಾರ ಮೆತ್ತಗಾಯಿತು, ಹಲ್ಲುಜ್ಜುವ ಬ್ರಷ್ಷು ಒರಟಾಯಿತು. ಕಡೆಗೆ ಮರಿ ತನ್ನ ಅತ್ಯಂತ ಪ್ರೀತಿಯ ಕುಂಚವನ್ನು ತೆಗೆದ. ಒಸಡಿನ ನರಗಳನ್ನು ಬರೆಯುವ, ಹೆಂಡತಿಗೂ ಮುಟ್ಟಲು ಬಿಡದ ಕುಂಚ. ಕಣ್ಣು ಮುಚ್ಚಿ ಅದರ ಕೂದಲನ್ನು ಕತ್ತರಿಸಿದ. ಹೆಂಡತಿ ತಾನಾಗಿಯೇ ದಾರ ತಂದು ಪೊರಕೆಯ ಕುತ್ತಿಗೆಗೆ ಬಿಗಿದು ಗಂಟು ಹಾಕಿದಳು. ಒಂದೂವರೆ ಇಂಚಿನ ಪೊರಕೆ, ಒಂದು ಮಗ್ಗುಲು ಸವೆದು ಓರೆಯಾಗಿತ್ತು.

ಆಮೇಲೆ ಗುಡಿಸುವ ಕೆಲಸ. ಮರಿ ತನ್ನ ಕೈಯಾರೆ ಮಾಡಿದ ಕೊಳೆಯನ್ನು ತನ್ನ ಕೈಯಾರೆ ತೆಗೆಯುವಾಗ ಮುಖ ಹಿಂಡಿದ. ಅಕ್ಕ ಪಕ್ಕದಲ್ಲಿ ಕೂತು, "ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ" ಎಂದು ಮೇಲ್ವಿಚಾರಣೆ ನಡೆಸಿದಳು. ಅರ್ಧ ನೆಲ ಆದ ಮೇಲೆ ಅವಳೇ, "ಸಾಕು ಬಿಡು. ಅಷ್ಟು ಕಷ್ಟಪಟ್ಟಿದೀಯ, ನಿನ್ನದೂ ಅರ್ಧ ಇರಲಿ" ಎಂದಳು. ಹೀಗೆ ಅಂಗಡಿಯ ನೆಲ ಒಳಗಿನಿಂದ ಅರ್ಧದವರೆಗೆ ಚೊಕ್ಕಟ, ಅಲ್ಲಿ ಪೊರಕೆ ಎಳೆದ ಬಾಗು ಗೀರುಗಳು, ಗೀರಿನ ಕೊನೆಗೆ ಒಂದು ಚಿಟಿಕೆ ಕಸದ ಗುಡ್ಡೆ. ಗುಡ್ಡೆಯಲ್ಲಿ ಕಡಲೆಕಾಯಿ ಸಿಪ್ಪೆ ಇರಲೇಬೇಕೆಂದು ಅಕ್ಕ ಹಟ ಹಿಡಿದಳು. ಅದನ್ನೂ ಮಾಡಿದ.

ಗುಡಿಸಲೆಂದು ಬಕೆಟ್ಟು ಎತ್ತಿದಾಗ ಅಡಿಯ ತುಕ್ಕಿನ ಉಂಗುರ ಕಂಡಿತು. ಮರಿ ಒರೆಸಲು ಹೋದ. ಅಕ್ಕ ಅವನ ಕೈ ಹಿಡಿದಳು.

"ಅದನ್ನ ಬಿಡು. ಅದು ಎಷ್ಟು ಉಜ್ಜಿದ್ರೂ ಹೋಗ್ತಿರಲಿಲ್ಲ" ಎಂದಳು. ಹೂಂ ಎಂದಳೇ? ಎನ್ನಲಿಲ್ಲ. ಎದ್ದು ಸೊಂಟ ನೀವಿಕೊಂಡು ಮೇಲೆ ಹೋದಳು. ಮರಿ ಒಂದು ಚುಕ್ಕೆ ಮೇಣ ಹಚ್ಚಿ ಬಕೆಟ್ಟನ್ನು ಮತ್ತೆ ಗುರುತಿನ ಮೇಲೆ ಕೂರಿಸಿದ. ನಾಳೆ ಅವಳು ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಆಗಲೂ ಬರಲಿಲ್ಲ.

ಮಾರನೆಯ ದಿನ ಸಭಾಂಗಣದಲ್ಲಿ ಜನವೋ ಜನ. ಗಾರ್ಡ್ ಸಾಹೇಬರ ರೈಲು ಮಧ್ಯದ ಮೇಜಿನ ಮೇಲೆ ಕೂಗುತ್ತ ಸುತ್ತು ಹಾಕುತ್ತಿತ್ತು. ಮರಿ ತನ್ನ ಅಂಗಡಿಯ ಹಿಂದೆ ನಿಂತು ಬಾಗಿಲನ್ನೇ ನೋಡುತ್ತಿದ್ದ. ಯಾರು ಏನು ಹೊಗಳಿದರೂ ಹೂಂ ಹೂಂ ಎನ್ನುತ್ತಿದ್ದ, ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಹೆಂಡತಿಯ ಕೈ ಹಿಡಿದುಕೊಂಡು ಅಕ್ಕ ಬಂದಳು. ಇಸ್ತ್ರಿ ಮಾಡಿದ ಸೀರೆ, ಬಿಗಿದ ತುರುಬು. ಆಸ್ಪತ್ರೆಯ ಬಟ್ಟೆಗಳ ತಪಾಸಣೆಗೆ ಹೊರಟ ಹಾಗಿದ್ದಳು. ಬಂದು ಮೇಜಿನ ಪಕ್ಕ ನಿಂತಳು.

ಅದೇ ಹೊತ್ತಿಗೆ ಗಾರ್ಡ್ ಸಾಹೇಬರು ಬಂದರು. ಕನ್ನಡಕ ಏರಿಸಿ, ಬಗ್ಗಿ, ಮೂಗು ಪಂಪಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಭಲೇ! ಆದ್ರೆ ಏನ್ರೀ ಹಲ್ಲಿನವರೇ, ಅರ್ಧ ಗುಡಿಸಿ ಹಾಗೇ ಬಿಟ್ಟಿದೆ. ಪೊರಕೆ ಗೋಡೆಗೆ ಒರಗಿಸಿದೆ. ಗುಡಿಸೋರು ಎಲ್ಲಿ?"

ಮನುಷ್ಯರನ್ನು ತಾನು ಮಾಡುವುದಿಲ್ಲ, ತನ್ನ ಕೈಗೆ ಅದು ಬರುವುದಿಲ್ಲ ಎಂದು ಹೇಳಲು ಮರಿ ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಹೇಳಿದಳು.

"ನೀರು ಚಿಮುಕಿಸಬೇಕಲ್ಲ ಸಾರ್. ನೀರು ತರೋಕೆ ಹೋಗಿದೀನಿ."

ಗಾರ್ಡ್ ಸಾಹೇಬರು ಅಕ್ಕನನ್ನು ನೋಡಿದರು, ಅಂಗಡಿಯನ್ನು ನೋಡಿದರು, ಏರಿಸಿದ ಕನ್ನಡಕ ಇಳಿಸಿಕೊಂಡರು. ಮರಿಯ ಕಣ್ಣು ಮಂಜಾಯಿತು. ಒರೆಸಿಕೊಂಡು ಅಂಗಡಿಯ ಕಡೆ ನೋಡಿದವನಿಗೆ ಒಂದು ತಪ್ಪು ಕಂಡಿತು. ಜೇಬಿನಿಂದ ಚಿಮಟ ತೆಗೆದ. ಬಗ್ಗಿ ಉಸಿರು ಬಿಗಿಹಿಡಿದು, ಅಷ್ಟು ಹೆಮ್ಮೆಯಿಂದ ಮಾಡಿದ ಆ ಬಕೆಟ್ಟನ್ನು ಮೇಣದಿಂದ ಬಿಡಿಸಿ ಮೇಲೆತ್ತಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ನೆಲದ ಮೇಲೆ ತುಕ್ಕಿನ ಉಂಗುರ ಮಾತ್ರ ಉಳಿಯಿತು.

ಅಕ್ಕ ಆ ಖಾಲಿ ಗುರುತನ್ನು ಬಗ್ಗಿ ನೋಡಿದಳು. "ಹೂಂ," ಎಂದಳು, "ಇದೇ ಕಣೋ."